ಹದಿಮೂರನೆಯ ಪಾಲು

ಗದಗಿನ ಹೆರಿಗೆ ಆಸ್ಪತ್ರೆಯ ಪಡಸಾಲೆಯಲ್ಲಿ ಓಣಿಯ ಹನ್ನೊಂದು ಹೆಂಗಸರು ಮುಂಗೈಗೆ ಹಳದಿ ಪಟ್ಟಿ ಕಟ್ಟಿಕೊಂಡು ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದರು. ಒಳಗೆ ಸುವರ್ಣಾಳಿಗೆ ಬೇನೆ ಶುರುವಾಗಿತ್ತು. ಅದು ಪಟ್ಟಿ ಕಟ್ಟಿಕೊಂಡ ಎಲ್ಲರಿಗೂ ಸಮಪಾಲಾಗಿ ಹಂಚಿಹೋಗುತ್ತಿತ್ತು. ಯಾರ ಪಾಲು ಯಾವಾಗ ಬರುವುದೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಒಬ್ಬಳು ಹರಟುತ್ತಲೇ ಸೊಂಟ ಹಿಡಿದುಕೊಂಡರೆ ಉಳಿದವರು ನಗುತ್ತಿದ್ದರು.

ಸುವರ್ಣಾಳ ಪಕ್ಕದ ಮನೆಯ ಶಿವಗಂಗವ್ವ ಬಾಗಿಲಲ್ಲೇ ನಿಂತಿದ್ದಳು. ಮಕ್ಕಳಿಲ್ಲದ ಆಕೆಯನ್ನು ಇಪ್ಪತ್ತೆರಡು ವರ್ಷದಲ್ಲಿ ಒಬ್ಬರೂ ಇದಕ್ಕೆ ಕರೆದಿರಲಿಲ್ಲ.

"ನನಗೂ ಒಂದು ಪಟ್ಟಿ ಕಟ್ರಿ, ಸಿಸ್ಟರ್."

ಸುವರ್ಣಾಳ ಅತ್ತೆ ಗುರುಸಿದ್ಧವ್ವ ತಲೆ ಎತ್ತಿದಳು. "ಸುವರ್ಣಾ ಸೇರಿ ಹನ್ನೆರಡು ಮಂದಿ ಆಗೇವಿ. ಪಾಲು ಮುಗದಾವು."

"ಮುಗಿಯೂದಿಲ್ಲ ಯವ್ವಾ," ಎಂದಳು ನರ್ಸ್, ಶಿವಗಂಗವ್ವನ ಮುಂಗೈಗೆ ಹೊಸ ಪಟ್ಟಿ ಕಟ್ಟುತ್ತ. "ನೂರು ಮಂದಿಗೂ ಹಂಚಬಹುದು. ಎಷ್ಟ ಸಣ್ಣದಾದ್ರೂ ಹೆರಿಗಿ ಬ್ಯಾನಿ ಹೆರಿಗಿ ಬ್ಯಾನೀನ."

ಶಿವಗಂಗವ್ವ ಮೂಲೆಯಲ್ಲಿ ಕೂತು ಕಾದಳು. ಬೆಳ್ಳುಳ್ಳಿಯಿಂದ ಮೊರ ತುಂಬುತ್ತ ಬಂತು. ತನ್ನ ಮೈ ಒಲ್ಲೆ ಅಂದೀತೇ ಎಂದು ಹೆದರಿದಳು. ಆಗ ಬಂತು! "ಯವ್ವಾ" ಎಂದು ಬಾಗಿದವಳ ಸೊಂಟವನ್ನು ಒತ್ತಿ ಹಿಡಿದ ಕೈ ಗುರುಸಿದ್ಧವ್ವನದು.

"ಉಸಿರು ಬಿಡ ತಂಗಿ, ಹಿಂಗ. ಮೊದಲನೇ ಸಲ ಹಿಂಗ ಆಗತೈತಿ."

ಒಳಗೆ ಕೂಸು ಅತ್ತಿತು. ಹದಿಮೂರು ಮಂದಿಯ ಬೇನೆಯೂ ಒಮ್ಮೆಲೇ ನಿಂತಿತು. ನರ್ಸ್ ಎಂದಿನಂತೆ ಜನನಪತ್ರ ತಂದು, 'ಹೆತ್ತವರು' ಎಂಬಲ್ಲಿ ಸುವರ್ಣಾಳ ಹೆಸರಿನ ಕೆಳಗೆ ಒಬ್ಬೊಬ್ಬರದೇ ಹೆಸರು ಬರೆಯುತ್ತ ಮೂಲೆಗೆ ಬಂದಳು. ಶಿವಗಂಗವ್ವ ಇನ್ನೂ ಮುಂಗೈಯ ಪಟ್ಟಿ ಸವರುತ್ತಿದ್ದಳು.

"ಶಿವಗಂಗವ್ವ ಅಂತ," ಎಂದಳು ಗುರುಸಿದ್ಧವ್ವ. "ದೊಡ್ಡ ಅಕ್ಷರದಾಗ ಬರೀರಿ. ನಾಳೆ ಕೂಸು ಓದಬೇಕು."