ಪುಟ್ಟನ ಊರು

ಅವಳು ಬಾಗಿಲು ತಳ್ಳಿದ ಕ್ಷಣವೇ ತಮ್ಮ ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿದ. ಅಮ್ಮ ತಡಬಡಿಸಿ ಹೊಲಿಗೆ ಯಂತ್ರ ತುಳಿಯತೊಡಗಿದಳು. ಸೂಜಿಯಲ್ಲಿ ದಾರವೇ ಇರಲಿಲ್ಲ.

"ಏನು ನೋಡ್ತಿದ್ರಿ?"

"ಏನಿಲ್ಲ," ಎಂದರು ಇಬ್ಬರೂ, ಒಂದೇ ಉಸಿರಿಗೆ.

ಆ 'ಏನಿಲ್ಲ'ದಲ್ಲಿ ಏನಿದೆ ಎಂಬುದು ಆಗಲೇ ಅವಳ ಕಣ್ಣಿಗೆ ಬಿದ್ದಿತ್ತು. ಬಾಡಿಗೆಗೆ ಒಂದು ಕೋಣೆ. ಹಳದಿ ಗೋಡೆ, ಎರಡು ಕಿಟಕಿ. ಈ ಊರಿನದಂತೂ ಅಲ್ಲ. ಆ ಬಾಡಿಗೆಗೆ ಈ ಊರಿನಲ್ಲಿ ಕಿಟಕಿ ಸಿಕ್ಕೀತು, ಕೋಣೆ ಸಿಗುವುದಿಲ್ಲ.

ಅಪ್ಪ ಹೋದ ಮೇಲೆ ಮನೆಯಲ್ಲಿ ಉಳಿದವರು ಮೂವರೇ. ಅಮ್ಮ ಕಿಟಕಿ ಪರದೆ ಹೊಲಿಯುತ್ತಿದ್ದಳು. ತಮ್ಮ ಸೈಕಲ್ ರಿಪೇರಿ ಅಂಗಡಿಯಲ್ಲಿದ್ದ. ಆರಡಿ ಎತ್ತರ ಬೆಳೆದರೂ ಅಮ್ಮನ ಬಾಯಲ್ಲಿ ಇನ್ನೂ 'ಪುಟ್ಟ'. ಅವಳು ಮಾತ್ರ ಅದೇ ಬಾಯಲ್ಲಿ ಹತ್ತು ವರ್ಷಕ್ಕೇ 'ದೊಡ್ಡವಳು' ಆಗಿಬಿಟ್ಟಿದ್ದಳು. ಈಗ ಅವಳಿಗೆ ಇಪ್ಪತ್ತೈದು. ಕೆಲಸ, ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ. ಹಗಲೆಲ್ಲ ಊರವರ ಹಲ್ಲು ಉಜ್ಜಿ ನಯ ಮಾಡುವುದು, ಸಂಜೆ ಮನೆಗೆ ಬಂದು ತನ್ನ ಹಲ್ಲು ಕಡಿಯುವುದು.

ಕಡಿಯದೆ ಏನು ಮಾಡಿಯಾಳು? ಎರಡು ವರ್ಷದ ಹಿಂದೆ ಅವಳೂ ಹೀಗೆಯೇ ಊರು ಹುಡುಕಿದ್ದಳು. ಬಾಡಿಗೆ ಕೈಗೆಟುಕುವ, ಕೆಲಸಕ್ಕೆ ಬರವಿಲ್ಲದ ಊರು. ಸಿಕ್ಕಿಯೂ ಇತ್ತು. "ನೀನೂ ಹೋದ್ರೆ ಈ ಮನೆ ಯಾರು ನೋಡ್ಕೋತಾರೆ?" ಎಂದು ಅಮ್ಮ ಕಣ್ಣೊರೆಸಿಕೊಂಡಳು. ಅವಳು ಕಟ್ಟಿದ ಚೀಲ ಬಿಚ್ಚಿದಳು. ಈಗ ಪುಟ್ಟನಿಗೆ ರೆಕ್ಕೆ ಬಂದಾಗ ಅದೇ ಅಮ್ಮ ಪಕ್ಕದಲ್ಲಿ ಕೂತು ಕೋಣೆ ಆರಿಸುತ್ತಿದ್ದಾಳೆ!

ಲ್ಯಾಪ್‌ಟಾಪ್ ಮುಚ್ಚಿದ ಆ ದಿನದಿಂದ ಅವಳು ಮೈಯೆಲ್ಲ ಕಿವಿಯಾದಳು.

"ನೆಲಮಹಡಿ ಆದ್ರೆ ಮಾತ್ರ," ಎನ್ನುತ್ತಿದ್ದಳು ಅಮ್ಮ. ಹೌದಲ್ಲ, ರಾಜಕುಮಾರರ ಸೈಕಲ್ ಮೆಟ್ಟಿಲು ಹತ್ತಬಾರದು. "ಬೆಳಗ್ಗೆ ಎದ್ದು ನಡೆಯೋಕೆ ನದಿ ದಂಡೆ ಇದೆ ನೋಡು." ಒಂಬತ್ತಕ್ಕೂ ಏಳದ ಸೋಮಾರಿಗೆ ನದಿ ದಂಡೆ ಬೇರೆ!

ಒಂದು ಭಾನುವಾರ ಅವನು ಒಲೆಯ ಮುಂದೆ ನಿಂತಿದ್ದ. ಅಮ್ಮ ಪಕ್ಕದಲ್ಲಿ ನಿಂತು ಹೇಳಿಕೊಡುತ್ತಿದ್ದಳು. "ಉರಿ ಸಣ್ಣ ಮಾಡು. ತಳ ಹಿಡಿಯುತ್ತೆ. ಬಿಳಿ ಬಟ್ಟೆ ಜೊತೆ ಬಣ್ಣದ್ದು ಹಾಕ್ಬೇಡ ಅಂದಿದ್ದು ನೆನಪಿದೆ ತಾನೆ?" ತನಗೆ ಇದನ್ನೆಲ್ಲ ಯಾರೂ ಕಲಿಸಿರಲಿಲ್ಲ. ಕೈ ಸುಟ್ಟುಕೊಂಡೇ ಕಲಿತಿದ್ದಳು. ಅವಳ ಹೊಟ್ಟೆಯೊಳಗಿನ ಉರಿಯನ್ನು ಸಣ್ಣ ಮಾಡುವವರು ಯಾರೂ ಇರಲಿಲ್ಲ.

ಅವಳು ಸ್ನಾನಕ್ಕೆ ಹೋದಳೆಂದುಕೊಂಡು ತಮ್ಮ ಪಿಸುಗುಟ್ಟಿದ: "ಅಕ್ಕನಿಗೆ ಹೇಳೋದು ಯಾವಾಗ?"

"ಎಲ್ಲಾ ಗಟ್ಟಿ ಆಗ್ಲಿ. ಈಗ್ಲೇ ಹೇಳಿದ್ರೆ ಅವಳು ಬಿಡಲ್ಲ."

ಬಿಡುವುದಿಲ್ಲ! ಸರಿ, ಬಿಡುವುದಿಲ್ಲ.

ಕೋಣೆಯ ವಿಳಾಸ ಹುಡುಕುವುದು ಕಷ್ಟವೇನಾಗಲಿಲ್ಲ. ಹಳದಿ ಗೋಡೆ, ನೆಲಮಹಡಿ, ನದಿ ಇರುವ ಊರು. ಬಾಡಿಗೆ ಜಾಹೀರಾತುಗಳಲ್ಲಿ ಅಂಥದ್ದು ಒಂದೇ ಇತ್ತು. ಅದೇ ಊರಿನ ಎರಡು ಲ್ಯಾಬುಗಳಿಗೆ ಫೋನ್ ಮಾಡಿದಳು. ಒಂದು ಕಡೆ, ಬಂದು ಕೈಚಳಕ ತೋರಿಸಿ ಎಂದರು. ರಜೆ ಹಾಕಿ ಹೋದಳು. ಮೇಣದಲ್ಲಿ ಒಂದು ದವಡೆಹಲ್ಲು ಕೆತ್ತಿಟ್ಟಳು. ಲ್ಯಾಬಿನ ಯಜಮಾನ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಸೋಮವಾರದಿಂದಲೇ ಬರ್ತೀರಾ?" ಎಂದ.

ಅಲ್ಲಿಂದ ನೇರ ಆ ಕೋಣೆಗೆ ಹೋದಳು. ಬೀದಿ ಅಗಲವಾಗಿತ್ತು. ಯಾರಿಗೂ ಅವಸರವಿದ್ದಂತೆ ಕಾಣಲಿಲ್ಲ. ಒಂದು ಕಿಟಕಿ ನದಿಗೆ, ಇನ್ನೊಂದು ಬಡಗಿಯ ಅಂಗಳಕ್ಕೆ. ಮರದ ಹೊಟ್ಟಿನ ವಾಸನೆ ಒಳಗೆ ತೇಲಿ ಬರುತ್ತಿತ್ತು. ಬರಿಯ ನೆಲದ ಮೇಲೆ ನಿಂತಿದ್ದ ಅವಳಿಗೆ ಅಲ್ಲಿಂದ ಕದಲುವ ಮನಸ್ಸೇ ಆಗಲಿಲ್ಲ. ತಾನು ಬಂದದ್ದು ಹೊಟ್ಟೆಕಿಚ್ಚಿಗೆ ಎಂಬುದು ಅರೆಗಳಿಗೆ ಮರೆತೇಹೋಯಿತು.

"ಇನ್ನೊಬ್ಬರು ಕೇಳಿದಾರಮ್ಮ," ಎಂದು ಮನೆಯೊಡತಿ ಅನುಮಾನಿಸಿದಳು. "ಫೋನಲ್ಲಿ ಎಷ್ಟು ಆಸೆಯಿಂದ ಮಾತಾಡಿದ್ರು ಪಾಪ. ಶುಕ್ರವಾರ ಬಂದು ನೋಡ್ತಾರಂತೆ."

ಪಾಪ ಎಂಬ ಪದ ಕೇಳಿದ್ದೇ ಕಿಚ್ಚು ಮತ್ತೆ ಹೊತ್ತಿತು. "ಅವರು ಬರೋದು ಶುಕ್ರವಾರ. ನಾನು ಬಂದಿರೋದು ಇವತ್ತು," ಎಂದು ಮುಂಗಡ ಕೈಗಿಟ್ಟಳು. ಬೀಗದ ಕೈ ಅವಳ ಮುಷ್ಟಿಗೆ ಬಂತು.

ಮರುದಿನ ಊಟಕ್ಕೆ ಕೂತಾಗ ಸುದ್ದಿ ಬಿಚ್ಚಿದಳು. ಕೆಲಸ ಸಿಕ್ಕಿದೆ, ಊರು ಇಂಥದ್ದು, ಭಾನುವಾರವೇ ಹೊರಡುತ್ತೇನೆ.

ತಮ್ಮನ ಕೈ ತಟ್ಟೆಯಲ್ಲೇ ನಿಂತಿತು. ಅಮ್ಮ ನಿಧಾನವಾಗಿ ಕೇಳಿದಳು: "ಇರೋದು ಎಲ್ಲಿ?"

"ಹಳದಿ ಗೋಡೆ. ನೆಲಮಹಡಿ. ಎರಡು ಕಿಟಕಿ." ಒಂದೊಂದು ಪದವನ್ನೂ ಬಾಯಲ್ಲಿ ಚಪ್ಪರಿಸಿ ಹೇಳಿದಳು.

"ಅಕ್ಕಾ! ಒಂದು ಮಾತು ಕೇಳಬಾರದಿತ್ತಾ?"

"ಯಾಕೆ, ನಿನ್ನ ಅಪ್ಪಣೆ ಬೇಕಿತ್ತಾ? ನೀವಿಬ್ಬರೂ ನನ್ನನ್ನ ಕೇಳಿದ್ರಾ?" ಇಷ್ಟು ದಿನ ಅದುಮಿಟ್ಟದ್ದೆಲ್ಲ ಒಮ್ಮೆಗೇ ಉಕ್ಕಿತು. "ನಾನು ಹೋಗ್ತೀನಿ ಅಂದಾಗ ಅಳು. ಅವನು ಹೋಗ್ತೀನಿ ಅಂದ್ರೆ ಅಡುಗೆ ಪಾಠ! ನೀನ್ಯಾಕೆ ಮುಖ ಸಣ್ಣ ಮಾಡ್ತೀಯ ಪುಟ್ಟಾ? ನಿನಗೆ ಅಮ್ಮ ಇದ್ದಾಳಲ್ಲ!"

"ಅಯ್ಯೋ ಅಕ್ಕಾ, ಅದು ನನಗೆ..."

ಅಮ್ಮ ಅವನ ಕೈಮೇಲೆ ಕೈಯಿಟ್ಟು ಸುಮ್ಮನಾಗಿಸಿದಳು. ಬೈಯಲಿಲ್ಲ, ಕಣ್ಣೊರೆಸಿಕೊಳ್ಳಲೂ ಇಲ್ಲ.

"ನೀನು ಹೋಗು. ಪುಟ್ಟ ಇಲ್ಲಿ ಒಬ್ಬನೇ ನಿಭಾಯಿಸ್ತಾನೆ," ಎಂದಳು. "ನಾನೊಬ್ಬಳೇ ಹೋಗಿ ನೆಮ್ಮದಿಯಾಗಿ ಇರೋಕೆ ಬೇರೆ ಊರು ನೋಡ್ಕೋತೀನಿ."