ಟಿಕೆಟ್ ತೂರದ ಅಡಿಪಟ್ಟಿ

ಬಸ್ ಟಿಕೆಟ್ ಒಳಗೆ ಹೋಗಲೇ ಇಲ್ಲ. ಅಡುಗೆಮನೆಯ ಕಪಾಟುಗಳ ಬುಡಕ್ಕೆ ಹೊಸದಾಗಿ ಕೂರಿಸಿದ ಪ್ಲೈವುಡ್ ಅಡಿಪಟ್ಟಿಯ ಕೆಳಗೆ ಸಂದು ಹುಡುಕಿ ಅದನ್ನು ತೂರಿಸಲು ಹಿರಿಯ ಬಡಗಿ ಮಧುಕರ ಆಚಾರಿ ಮೊಣಕಾಲೂರಿ ನೋಡುತ್ತಲೇ ಇದ್ದ. ಅಂಕೋಲೆಯ ಈ ಹಳೇ ಮನೆಯ ನೆಲ ಉಬ್ಬಿದಲ್ಲಿ ಪಟ್ಟಿಯ ಅಂಚು ಮೇಲೇರಿತ್ತು, ತಗ್ಗಿದಲ್ಲಿ ಇಳಿದಿತ್ತು. ಇಷ್ಟು ವರ್ಷ ತಾನು ಕೂರಿಸಿದ ಪಟ್ಟಿಗಳಡಿ ಜಿರಳೆಗಳು ಸಲೀಸಾಗಿ ಓಡಾಡಿಕೊಂಡಿದ್ದವು. ಅವನ ಹೊಟ್ಟೆ ಉರಿಯಿತು.

“ನಮ್ಮ ರೂಪೇಶನ ಕೆಲ್ಸ ಹೆಂಗದೆ, ಆಚಾರಿ?” ಮನೆಯೊಡತಿ ಗೋದಾವರಿ ಕೇಳಿದಳು, ಅದೂ ಹೊಸ ಬಡಗಿ ರೂಪೇಶನ ಎದುರಿಗೇ.

ಅವನು ಕೊನೆಯ ತುಂಡನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಅದರ ಕೆಳ ಅಂಚಿಗೆ ವಾರ್ನಿಶ್ ಬಳಿದಿರಲಿಲ್ಲ. ಬಾಲ್ದಿ ಬಾಲ್ದಿ ನೀರು ಹೊಯ್ದು ನೆಲ ತೊಳೆಯುವ ಊರಿದು. ಮಳೆಗಾಲ ಬರುವುದರೊಳಗೆ ಪ್ಲೈವುಡ್ ನೀರು ಕುಡಿದು ಸೀಳಿಹೋಗುತ್ತದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು.

“ಬರೋಬ್ಬರಿ ಅದೆ. ಎಂತದೂ ಬದಲು ಮಾಡ್ಬೇಡ,” ಎಂದ ಮಧುಕರ.

ರೂಪೇಶನ ಮುಖ ಅರಳಿತು. “ನೀವು ಬೈತ್ರಿ ಅಂತ ಹೆದರಿದ್ದೆ, ಮಾರಾಯ್ರೆ. ತೋಡೂರಲ್ಲಿ ನಿಮ್ಮ ಮಗಳು ವೈಶಾಲಿ ಮನೆಗೂ ಇದೇ ಪ್ಲೈವುಡ್ ಪಟ್ಟಿ ಹಿಂಗೇ ಕೂರಿಸಿ ಬಂದೆ. ಅಪ್ಪಂಗೆ ಮಾತ್ರ ಹೇಳ್ಬೇಡ ಅಂದಿದ್ರು.”