ಮೆತ್ತನೆ ಸ್ಪ್ರಿಂಗು

ಬಿಸಿ ಆರದ ಖಾಲಿ ತೋಟಾ ಒಂದು ಬೇಲಿ ದಾಟಿ ಹಾರಿ ಬಂದು, ರಿಪೇರಿ ಕೋಣೆಯ ಹೊಸ್ತಿಲಿಗೆ ಬಡಿದು, ಗಿರ್ರನೆ ತಿರುಗಿ ನಿಂತಿತು. ಪಿಸ್ತೂಲು ರಿಪೇರಿಯವನು ಕೈಲಿದ್ದ ಅರವನ್ನು ಕೆಳಗಿಟ್ಟ. ಇದು ಅಕ್ಕನದೇ. ಈ ಶೂಟಿಂಗ್ ಕ್ಲಬ್ಬಿನಲ್ಲಿ ಇಷ್ಟು ಉದ್ದದ, ಇಷ್ಟು ಜೋರಿನ ತೋಟಾ ಹೊಡೆಯುವವರು ಇನ್ನೊಬ್ಬರಿಲ್ಲ. ಆದರೆ ಅವಳ ಖಾಲಿ ತೋಟಾಗಳು ಯಾವಾಗಲೂ ಅವಳ ಬಲಕ್ಕೆ, ಹತ್ತಿರದಲ್ಲೇ ಗುಡ್ಡೆಯಾಗಿ ಬೀಳುತ್ತಿದ್ದವು. ಇಲ್ಲಿಯವರೆಗೆ ಹಾರಬೇಕಾದರೆ ಒಳಗಿನ ಸ್ಪ್ರಿಂಗು ಸೋತಿರಬೇಕು, ಇಲ್ಲವೇ ಯಾರೋ ಬದಲಾಯಿಸಿರಬೇಕು.

ಸ್ವಲ್ಪ ಹೊತ್ತಿಗೆ ಅಕ್ಕ ಬಂದಳು. ಕ್ಲಬ್ಬಿನವರೆಲ್ಲ ಅವಳನ್ನು ಗುಡುಗಮ್ಮ ಎನ್ನುತ್ತಿದ್ದರು. ಮಾತು ಮಾತ್ರ ಯಾವಾಗಲೂ ಮೆಲ್ಲಗೆ. ಎಣ್ಣೆ ವಾಸನೆಯ ಆ ಕೋಣೆಯಲ್ಲಿ ಮಧ್ಯಾಹ್ನದ ಬಿಸಿಲು ಕಿಟಕಿಗೆ ಆತುಕೊಂಡು ತೂಕಡಿಸುತ್ತಿತ್ತು. ಅವಳು ಪಿಸ್ತೂಲನ್ನು ಮೇಜಿನ ಮೇಲಿಟ್ಟು, ಗೋಡೆಗೆ ಒರಗಿ ಕೂತು ಕಣ್ಣು ಮುಚ್ಚಿದಳು.

"ಬಿಚ್ಚಬೇಡ. ಸುಮ್ಮನೆ ಒರೆಸಿ ಕೊಡು."

ಅವನು ಬಿಚ್ಚಿದ. ಪ್ರತಿ ಗುಂಡಿಗೂ ಹಿಂದಕ್ಕೆ ಚಿಮ್ಮಿ ಮತ್ತೆ ಮುಂದಕ್ಕೆ ಬರುವ ಮೇಲಿನ ಉಕ್ಕಿನ ಭಾಗ, ಅದೇ ಸ್ಲೈಡು, ಕಳಚಿ ಕೈಗೆ ಬಂತು. ಒಳಗಿದ್ದದ್ದು ಅವನು ಹಾಕಿದ್ದ ಸ್ಪ್ರಿಂಗಲ್ಲ. ಸಣ್ಣ ತೋಟಾಗಳಿಗೆ ಹೊಂದುವ, ಎರಡು ಬೆರಳಲ್ಲಿ ಅಮುಕಿದರೆ ಮುದುಡುವ ಮೆತ್ತನೆಯದು. ತಡೆಯುವವರಿಲ್ಲದೆ ಸ್ಲೈಡು ಬಡಿದು ಬಡಿದು ಪಿಸ್ತೂಲಿನ ಚೌಕಟ್ಟಿನ ಅಂಚು ಜಜ್ಜಿಹೋಗಿತ್ತು.

"ಇದನ್ನ ಯಾರು ಹಾಕಿದ್ದು?"

"ನಾನೇ."

"ಯಾಕಕ್ಕಾ? ಸ್ಪ್ರಿಂಗು ಮೆತ್ತಗಾದ್ರೆ ಏಟೆಲ್ಲಾ ಚೌಕಟ್ಟಿಗೇ ತಾನೆ? ಇನ್ನೂ ಬಿರುಕು ಬಿಟ್ಟಿಲ್ಲ ಅನ್ನೋದೇ ಪುಣ್ಯ. ಹೀಗೇ ಹೊಡೀತಿದ್ರೆ ಇದು ತನ್ನನ್ನ ತಾನೇ ಒಡ್ಕೊಳ್ಳುತ್ತೆ. ಇದನ್ನೆಲ್ಲ ನನಗೆ ಹೇಳಿಕೊಟ್ಟವಳೇ ನೀನು!"

ಅವಳು ಕಣ್ಣು ತೆರೆಯಲಿಲ್ಲ. "ಗಟ್ಟಿ ಸ್ಪ್ರಿಂಗಾದ್ರೆ ಸ್ಲೈಡು ಎಳೆಯೋಕೆ ಆಗ್ತಿಲ್ಲ ಕಣೋ. ಹೆಬ್ಬೆರಳ ಬುಡ ಉರಿಯುತ್ತೆ, ಹಿಡಿತ ಜಾರುತ್ತೆ. ಈಚೆಗೆ ಕನಸಲ್ಲೂ ಆಗ್ತಿಲ್ಲ. ಎದುರಿಗೆ ಗುರಿಗಿಟ್ಟ ಕಬ್ಬಿಣದ ತಟ್ಟೆಗಳು ಸಾಲಾಗಿ ನಿಂತು ನನ್ನನ್ನೇ ನೋಡ್ತಿರ್ತವೆ. ನಾನು ಎಳೀತೀನಿ, ಎಳೀತಾನೇ ಇರ್ತೀನಿ. ಸ್ಲೈಡು ನೂಲಿನ ಹಾಗೆ ಉದ್ದ ಆಗ್ತಾ, ಉದ್ದ ಆಗ್ತಾ, ನನ್ನ ಹಿಂದೆಲ್ಲೋ ಹೋಗಿಬಿಡುತ್ತೆ. ಕೊನೆಯೇ ಸಿಗಲ್ಲ."

ತಮ್ಮ ಸ್ಪ್ರಿಂಗನ್ನು ಅಂಗೈಯಲ್ಲಿ ಹೊರಳಿಸುತ್ತ ಕೂತ. ಆಮೇಲೆ ಅಂದ, "ಹಾಗಾದ್ರೆ ಇದೇ ಇರಲಿ. ತೋಟಾನೇ ಬದಲಾಯಿಸೋಣ. ಮದ್ದು ಕಡಿಮೆ ಇರೋದು, ಒದೆತಾನೂ ಕಡಿಮೆ..."

"ನನಗೆ ಪಥ್ಯ ಮಾಡಿಸ್ತೀಯಾ?" ಈಗ ಕಣ್ಣು ತೆರೆದವು. "ತಟ್ಟೆ ಬೀಳಬೇಕು ಕಣೋ. ಕಡಿಮೆ ಮದ್ದಿನ ಏಟಿಗೆ ಅದು ಟಿಣ್ ಅಂದು ನಿಂತೇ ಇದ್ರೆ ನನ್ನ ನೋಡಿ ನಕ್ಕ ಹಾಗಿರುತ್ತೆ. ಅದಕ್ಕಿಂತ ಇದನ್ನ ಮಾರಿಬಿಡು. ಇವತ್ತೇ ಮಾರಿಬಿಡು."

ಎದ್ದು ಹೊರಗೆ ಹೋದಳು. ರಿಪೇರಿಗೆ ಅಂತ ತಮ್ಮನೊಬ್ಬನ ಕೈಗೆ ಬಿಟ್ಟರೆ ಇನ್ನಾರಿಗೂ ಮುಟ್ಟಲು ಬಿಡದಿದ್ದ ಪಿಸ್ತೂಲು ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು.

ಅವನು ಅವಳನ್ನು ಕರೆಯಲಿಲ್ಲ. ಜಜ್ಜಿದ ಅಂಚನ್ನು ಅರದಲ್ಲಿ ಹದವಾಗಿ ಉಜ್ಜಿದ. ಮೊದಲಿನ ಗಟ್ಟಿ ಸ್ಪ್ರಿಂಗನ್ನೇ ಹುಡುಕಿ ಕೂರಿಸಿದ. ಸ್ಲೈಡು ಎಳೆದು ನೋಡಿದ. ಅದು ಒಲ್ಲದ ಮನಸ್ಸಿನಿಂದ ಹಿಂದೆ ಹೋಗಿ, ಬಿಟ್ಟೊಡನೆ ತವರಿಗೆ ಹೊರಟ ಹಾಗೆ ಓಡಿ ಬಂದು ಸೇರಿಕೊಂಡಿತು. ಅವನಿಗೂ ತೋಳು ಜುಮ್ಮೆಂದಿತು. ಪಾಪ, ಇದನ್ನ ಅವಳು ಹೇಗೆ ಎಳೆದಾಳು ಅಂದುಕೊಳ್ಳುತ್ತಿರುವಾಗಲೇ ಏನೋ ಹೊಳೆದು, ಪಿಸ್ತೂಲು ಹಿಡಿದುಕೊಂಡು ಹೊರಗೆ ನಡೆದ.

ಅವಳು ಬಿಸಿಲಲ್ಲಿ ಬೆಂಚಿನ ಮೇಲೆ ಕೂತು ದೂರದ ತಟ್ಟೆಗಳನ್ನು ನೋಡುತ್ತಿದ್ದಳು.

"ಅಕ್ಕಾ, ಸ್ಲೈಡನ್ನ ನಾವು ಎಳೆಯೋದು ಮೊದಲನೇ ಗುಂಡಿಗೆ ಮಾತ್ರ ಅಲ್ವಾ? ಆಮೇಲೆ ಪ್ರತಿ ಗುಂಡೂ ಮುಂದಿನ ಗುಂಡಿಗೆ ತಾನೇ ಎಳ್ಕೊಡುತ್ತೆ. ಆ ಒಂದು ಸಲ ನಾನು ಎಳೀತೀನಿ."

"ನನ್ನ ಪಿಸ್ತೂಲನ್ನ ಇನ್ನೊಬ್ಬರು ಎಳೆಯೋದಾ!"

"ಬೇಡಾಂದ್ರೆ ಮಾರ್ತೀನಿ."

 ಮೋಡದ ನೆರಳೊಂದು ತಟ್ಟೆಗಳ ಮೇಲೆ ಹಾದು, ಬಯಲೆಲ್ಲ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿತು. ಆಮೇಲೆ ಅವಳು ಎದ್ದು ಅವನ ಕೈಯಿಂದ ಪಿಸ್ತೂಲು ತೆಗೆದುಕೊಂಡಳು. ತನ್ನ ಜಾಗದಲ್ಲಿ ನಿಂತು, ಸದ್ದು ತಡೆಯುವ ಮುಚ್ಚಳ ಕಿವಿಗೆ ಹಾಕಿಕೊಂಡು, ಗುಂಡು ತುಂಬಿದ ಮ್ಯಾಗಜಿನ್ ತುರುಕಿದಳು. ಪಿಸ್ತೂಲನ್ನು ಗುರಿಯ ಕಡೆಗೇ ನೆಟ್ಟು, ಬೆರಳನ್ನು ಕುದುರೆಯಿಂದ ದೂರವಿಟ್ಟು, ಅವನ ಕಡೆ ತಿರುಗದೆಯೇ ಅಂದಳು, "ಹೂಂ."

ಅವನು ಪಕ್ಕದಿಂದ ಕೈ ಹಾಕಿ ಎಳೆದು ಬಿಟ್ಟು, ಹಿಂದೆ ಸರಿದ.

ಮುಂದಿನದೆಲ್ಲ ನೀರೊಳಗೆ ನಡೆದ ಹಾಗೆ ನಿಧಾನವಾಗಿ ನಡೆಯಿತು. ಗುಡುಗಿತು. ಅವಳ ತೋಳು ಅಲೆಯಂತೆ ಎದ್ದು, ಅಲೆಯಂತೆಯೇ ಇಳಿದು ತನ್ನ ಜಾಗಕ್ಕೆ ಬಂತು. ಹಿತ್ತಾಳೆ ಚೂರುಗಳು ಬಿಸಿಲಿನಲ್ಲಿ ತೇಲಿದವು. ಅತ್ತ ತಟ್ಟೆಗಳು, ನಿದ್ದೆ ತಡೆಯಲಾರದವರ ಹಾಗೆ, ಒಂದರ ಹಿಂದೊಂದು ಅಂಗಾತ ಮಲಗಿದವು.

ಬಿದ್ದ ತಟ್ಟೆಗಳನ್ನು ನಿಲ್ಲಿಸುವ ಮುದುಕ ಬೆಂಚಿನ ಬಳಿಯಿಂದ ಏಳುತ್ತ ನಕ್ಕ. "ಏನಮ್ಮಾ, ಇಷ್ಟು ವರ್ಷ ಯಾರನ್ನೂ ಹತ್ತಿರ ಸೇರಿಸದವರು, ಇವತ್ತು ಬೇರೆಯವರ ಕೈಲಿ ಎಳೆಸಿದ್ರಲ್ಲಾ?"

ಗುಡುಗಮ್ಮ ಕಿವಿಯ ಮುಚ್ಚಳ ತೆಗೆದು, ನಿಜಕ್ಕೂ ಹುಡುಕುವವಳಂತೆ ಸುತ್ತ ನೋಡಿದಳು.

"ಬೇರೆಯವರಾ? ಎಲ್ಲಿ?"